ಊತ ಇಳಿಯುವ ವಾರ

ಜೂನ್ ೯, ಸೋಮವಾರ

ಮುಲಾಮು ಬರೆಸಿಕೊಂಡು ಹೋಗಲು ಆಸ್ಪತ್ರೆಗೆ ಬಂದವನು ಮಗುವನ್ನು ವಾರ್ಡಿಗೆ ಸೇರಿಸಿ ಕೂತಿದ್ದೇನೆ. ಬೆಳಗಿನ ಪಾಳಿ ಮುಗಿಸಿ, ಡಿಪೋದಲ್ಲಿ ಬಸ್ಸು ಬಿಟ್ಟು, ಖಾಕಿಯಲ್ಲೇ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದಿದ್ದೆ. ಮಧ್ಯಾಹ್ನದ ಊಟಕ್ಕೆ ಬಂದುಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೆ.

ಮಗುವಿನ ಕಾಲಿನ ಚರ್ಮ ಹಳೆ ಗೋಡೆಯ ಸುಣ್ಣದ ಹಾಗೆ ಏಳುತ್ತಿತ್ತು. ಪಾದವೂ ಊದಿತ್ತು. ಡಾಕ್ಟರಮ್ಮ ಚರ್ಮದ ಕಡೆ ಹೆಚ್ಚು ಗಮನ ಕೊಡಲಿಲ್ಲ. ಪಾದದ ಮೇಲೆ ಹೆಬ್ಬೆರಳು ಒತ್ತಿ, ಸ್ವಲ್ಪ ಹೊತ್ತು ಹಿಡಿದು, ತೆಗೆದರು. ಬೆರಳು ಹೋದ ಮೇಲೂ ಗುಳಿ ಅಲ್ಲೇ ಉಳಿಯಿತು, ಕಲಸಿದ ಹಿಟ್ಟನ್ನು ಒತ್ತಿದ ಹಾಗೆ. ಇನ್ನೊಂದು ಪಾದವನ್ನೂ ಒತ್ತಿದರು. ಅಲ್ಲೂ ಗುಳಿ.

"ನಿನ್ನೆ ಬೆಳಗ್ಗೆಯಿಂದ ಮಗು ಏನೇನು ತಿಂದಿದೆ ಹೇಳಿ."

"ಊಟ ಮಾಡಿದೆ."

"ಏನು ಊಟ?"

ನನಗೆ ಗೊತ್ತಿರಲಿಲ್ಲ. ನನ್ನ ಮಾರ್ಗದ ನಿಲ್ದಾಣಗಳನ್ನು ಕೊನೆಯಿಂದ ಮೊದಲಿಗೂ ಹೇಳಬಲ್ಲೆ, ಇದು ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಟೀಲಿ ಅದ್ದಿ ಬಿಸ್ಕತ್ತು ಕೊಟ್ಟೆ. ಮಧ್ಯಾಹ್ನ ತಿಳಿಗಂಜಿ, ಸಂಜೆನೂ ಗಂಜಿ. ಯಾಕೋ, ಏನಂತೆ?" ಅಂದಳು. ಭೇದಿ ಮೇಲೆ ಭೇದಿ ಆಗುತ್ತಿದ್ದುದರಿಂದ ಹಾಲು, ಮೊಟ್ಟೆ, ಬೇಳೆ ಎಲ್ಲ ನಿಲ್ಲಿಸಿ ಕೆಲವು ತಿಂಗಳಾಗಿದೆ. ಹೊಟ್ಟೆಗೆ ಭಾರ ಬೇಡ ಎಂದು ನಾನೇ ಹೇಳಿದ್ದೆ. ತಪ್ಪೇನೂ ಇಲ್ಲ.

ಡಾಕ್ಟರಮ್ಮ ಹೇಳಿದ್ದು: ತೀವ್ರ ಅಪೌಷ್ಟಿಕತೆ. ನನಗೆ ನಗು ಬಂತು. "ಮೇಡಂ, ಕೆನ್ನೆ ನೋಡಿ. ನಮ್ಮ ಬೀದಿಲಿ ಎಲ್ರೂ ಇದನ್ನ ಗುಂಡಮ್ಮ ಅಂತಲೇ ಕರೆಯೋದು."

"ಅದು ಮಾಂಸ ಅಲ್ಲ. ಮೈಯಲ್ಲಿ ತುಂಬಿರೋ ನೀರು. ಇವತ್ತೇ ಸೇರಿಸಬೇಕು."

ದಿನಾ ಪತ್ರಿಕೆ ಓದುವವನು ನಾನು. ಅಪೌಷ್ಟಿಕತೆಯ ಸುದ್ದಿಯ ಜೊತೆ ಎಂಥ ಚಿತ್ರ ಹಾಕುತ್ತಾರೆ ಎಂದು ಗೊತ್ತಿದೆ. ಪಕ್ಕೆಲುಬು, ದೊಡ್ಡ ಕಣ್ಣು, ಎಲ್ಲೋ ದೂರದ ಬರಡು ನೆಲ. ನಮ್ಮದು ತಿಂಗಳ ಸಂಬಳ ಬರುವ ಮನೆ. ಮೂತ್ರಪಿಂಡದ್ದೇನೋ ಇರಬೇಕು, ಇವರಿಗೆ ತಿಳಿದಿಲ್ಲ. ಇನ್ನು ಅದರ ಅಮ್ಮನಿಗೆ ಎರಡನೆಯ ಬಸಿರು ನಿಂತ ದಿನದಿಂದ ಇದರ ಕಡೆ ಗಮನವೇ ಇರಲಿಲ್ಲ. ಅದೂ ಒಂದು ಕಾರಣ.

ಎರಡು ದಿನದ ರಜೆ ಹಾಕಿದ್ದೇನೆ.

ಜೂನ್ ೧೦, ಮಂಗಳವಾರ

ವಾರ್ಡಿನಲ್ಲಿ ಗಂಡಸು ನಾನೊಬ್ಬನೇ. "ತಾಯಿ ಎಲ್ಲಿ?" ಎಂದು ಸಿಸ್ಟರ್ ಕೇಳಿದರು. ಹೆರಿಗೆ ಆಪರೇಷನ್ ಆಗಿದೆ, ಹೊಲಿಗೆ ಇನ್ನೂ ಒಣಗಿಲ್ಲ, ಕೂಸಿಗೆ ತಿಂಗಳೂ ತುಂಬಿಲ್ಲ ಎಂದೆ. "ಅಜ್ಜಿ?" ಅಮ್ಮ ಬಾಣಂತಿಯನ್ನು ನೋಡಿಕೊಳ್ಳಬೇಕು ಎಂದೆ. ಸಿಸ್ಟರಿಗೆ ನನ್ನ ಅಮ್ಮನ ವಯಸ್ಸಾಗುತ್ತಾ ಬಂದಿದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹಾಗಾದ್ರೆ ನೀನೇ ತಾಯಿ ಕಣಪ್ಪ. ರಾತ್ರಿ ಮಾತ್ರ ವರಾಂಡದ ಬೆಂಚು" ಅಂದರು.

ಪಕ್ಕದ ಮಂಚದಲ್ಲಿ ಒಬ್ಬಳು ಇಸ್ತ್ರಿ ಅಂಗಡಿಯವಳು. ಅವಳ ಮಗನನ್ನು ನೋಡಿದರೆ ಪತ್ರಿಕೆಯ ಚಿತ್ರವೇ: ಕೈಕಾಲು ಕಡ್ಡಿ, ಮುದುಕನ ಮುಖ. ಅಂಥದ್ದರ ಪಕ್ಕ ನಮ್ಮದನ್ನು ಮಲಗಿಸಿದ್ದಾರೆ.

ಕೊಡುವುದೇನು? ಸಣ್ಣ ಲೋಟದ ತಳ ಮುಚ್ಚುವಷ್ಟು ತೆಳು ಹಾಲು. ಅದೂ ಚಮಚದಲ್ಲಿ, ನಿಧಾನ. ಎರಡು ಗಂಟೆ ಕಳೆದ ಮೇಲೆ ಮತ್ತೆ ಅಷ್ಟೇ. ಡ್ರಿಪ್ ಹಾಕಿ ಎಂದರೆ ಹಾಕುವುದಿಲ್ಲ, ಹೃದಯ ತಡೆಯುವುದಿಲ್ಲವಂತೆ. ರಕ್ತಕ್ಕೆ ಟಾನಿಕ್ ಕೊಡಿ ಎಂದರೆ ಈಗಲೇ ಬೇಡವಂತೆ. "ಇಷ್ಟು ಹಾಲು ಬೆಕ್ಕಿಗೂ ಸಾಲಲ್ಲ" ಎಂದೆ.

"ಏನು ಕೆಲಸ ನಿಂದು?"

"ಸಿಟಿ ಬಸ್ ಡ್ರೈವರು."

"ಎಷ್ಟೋ ದಿನ ನಿಂತಿದ್ದ ಗಾಡಿನ ಸ್ಟಾರ್ಟ್ ಮಾಡಿದ ಕೂಡಲೇ ಎಕ್ಸಿಲೇಟರ್ ತುಳೀತೀಯಾ?"

ತುಳಿಯುವುದಿಲ್ಲ. ಆದರೆ ಇದು ಗಾಡಿಯಲ್ಲ ಎಂದು ಹೇಳಬೇಕೆನಿಸಿತು.

ನನ್ನದು ಕೂತು ಮಾಡುವ ಕೆಲಸವೇ. ಆದರೆ ಕೂತಲ್ಲೇ ಇರುವ ಕೆಲಸ ಅಲ್ಲ. ಇಲ್ಲಿ ಎರಡು ಚಮಚದ ನಡುವೆ ಮಗು ನುಂಗಿತೋ ಇಲ್ಲವೋ ಎಂದು ನೋಡುತ್ತಾ ಕಾಯಬೇಕು. ಕಾಲು ತಾನಾಗಿ ಅಲುಗುತ್ತದೆ. "ಡ್ರೈವರಣ್ಣ, ಮಂಚ ಅಳ್ಳಾಡ್ತಿದೆ, ಬ್ರೇಕ್ ಹಾಕಿ" ಎಂದಳು ಇಸ್ತ್ರಿಯವಳು. ಎಲ್ಲ ನಕ್ಕರು.

ವರಾಂಡದ ಕೊನೆಯಲ್ಲಿ ನಿಂತರೆ ರಸ್ತೆ ಕಾಣುತ್ತದೆ. ನನ್ನ ಬಸ್ಸು ಹೋಯಿತು, ತಡವಾಗಿ. ಬದಲಿಗೆ ಹಾಕಿರುವ ಹುಡುಗ ಗೇರು ಬದಲಿಸುವುದು ಇಲ್ಲಿಗೂ ಕೇಳುತ್ತದೆ. ಕ್ಲಚ್ ಸುಟ್ಟುಹಾಕುತ್ತಾನೆ.

ಜೂನ್ ೧೨, ಗುರುವಾರ

ರಜೆ ಮುಂದುವರಿಸಿದೆ.

ಇಲ್ಲಿ ಬೆಳಗಾದರೆ ಮಕ್ಕಳ ತೂಕ. ಬಟ್ಟೆ ಬಿಚ್ಚಿಸಿ, ಒಬ್ಬೊಬ್ಬರನ್ನೇ ತಕ್ಕಡಿಯ ತಟ್ಟೆಯಲ್ಲಿ ಮಲಗಿಸುತ್ತಾರೆ. ತಾಯಂದಿರೆಲ್ಲ ಸುತ್ತ ನಿಂತು ಮುಳ್ಳನ್ನೇ ನೋಡುತ್ತಾರೆ. ಇಸ್ತ್ರಿಯವಳ ಮಗ ಸ್ವಲ್ಪ ಏರಿದ್ದಾನೆ. ಅವಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು, ಲಾಟರಿ ಹೊಡೆದವಳ ಹಾಗೆ.

ನಮ್ಮದು ಇಳಿದಿದೆ. ನಿನ್ನೆಯೂ ಇಳಿದಿತ್ತು.

ಸಿಸ್ಟರನ್ನು ಕೇಳಿದೆ. "ಇಳೀಲಿ. ಊತ ಇಳಿದ್ರೆ ತೂಕ ಇಳಿಯುತ್ತೆ. ಈ ವಾರ ಇಳಿಯೋದೇ ಒಳ್ಳೇದು" ಅಂದರು. ಡೀಸೆಲ್ ಮುಳ್ಳು ಕೆಳಗೆ ಬರುತ್ತಿದ್ದರೆ ಒಳ್ಳೆಯದೇ ಎನ್ನುವ ಮೆಕ್ಯಾನಿಕ್ಕನ್ನು ನಾನು ಇದುವರೆಗೆ ಕಂಡಿಲ್ಲ. ಮಗು ಏರಿದರೂ ಇವರಿಗೆ ಸರಿ, ಇಳಿದರೂ ಸರಿ. ಹಾಗಿದ್ದರೆ ತೂಕ ಯಾಕೆ ಮಾಡಬೇಕು?

ಒಂದು ಸಮಾಧಾನ, ನಮ್ಮದು ಗಲಾಟೆ ಮಾಡುವುದಿಲ್ಲ. ಚುಚ್ಚಿದರೆ ಮುಖ ಕಿವುಚುತ್ತದೆ, ಅಷ್ಟೇ. ಮನೆಯಲ್ಲೂ ಹಾಗೇ. ಕೂರಿಸಿದಲ್ಲಿ ಕೂತಿರುತ್ತದೆ, ಆಟಿಕೆ ಕಿತ್ತುಕೊಂಡರೂ ಕೇಳುವುದಿಲ್ಲ. ಈ ಬಾಣಂತನದಲ್ಲಿ ದೇವರು ಕೊಟ್ಟಂಥ ಮಗು ಎಂದು ಅಮ್ಮ ಹೇಳುತ್ತಿದ್ದಳು. ಎದುರು ಮಂಚದ ಅಜ್ಜಿಯೂ ಇವತ್ತು, "ನಿಮ್ಮ ಮಗು ಎಷ್ಟು ಸಾಧು ಅಪ್ಪ" ಅಂದಳು. ನಾನು ಹೌದೆಂದೆ. ಸಿಸ್ಟರ್ ಮಾತ್ರ ದುರುಗುಟ್ಟಿ, "ಅತ್ತರೆ ನಂಗೆ ಬಂದು ಹೇಳು" ಅಂದರು. ಯಾಕೆ ಎಂದು ಕೇಳುವಷ್ಟರಲ್ಲಿ ಹೋಗಿಯೇಬಿಟ್ಟರು.

ಜೂನ್ ೧೩, ಶುಕ್ರವಾರ

ಮತ್ತೆ ಇಳಿದಿದೆ. ರಸ್ತೆಯವರೆಗೆ ಹೋಗಿ ಬಂದೆ. ಮತ್ತೆ ಹೋಗಿ ಬಂದೆ. ಪತ್ರಿಕೆಯನ್ನು ವಧೂವರರ ಜಾಹೀರಾತಿನವರೆಗೆ ಓದಿದೆ.

ಜೂನ್ ೧೪, ಶನಿವಾರ

ಕೆನ್ನೆ ಹೋಯಿತು.

ಒಂದು ರಾತ್ರಿಯಲ್ಲಿ ಹೋದ ಹಾಗೆ ಕಂಡಿತು. ಬೆಳಗ್ಗೆ ಬೆಂಚಿನಿಂದ ಎದ್ದು ಒಳಗೆ ಬಂದರೆ ಮಂಚದಲ್ಲಿ ಬೇರೆ ಯಾರದೋ ಮಗು. ಗಲ್ಲ ಚೂಪು, ಕಣ್ಣು ಒಳಗೆ, ತೊಡೆಯ ಚರ್ಮ ದೊಡ್ಡವರ ಪೈಜಾಮ ಹಾಕಿದ ಹಾಗೆ ಜೋತುಬಿದ್ದಿದೆ. ಭುಜದ ಮೂಳೆ ಎಣಿಸಬಹುದು. ಇಸ್ತ್ರಿಯವಳ ಮಗನಿಗೂ ಇದಕ್ಕೂ ಈಗ ವ್ಯತ್ಯಾಸವಿಲ್ಲ. ಬಟ್ಟೆ ಮುಚ್ಚಿದೆ.

ಮಧ್ಯಾಹ್ನ ಅಮ್ಮ ಬಂದಳು. ಮೊದಲು ಪಕ್ಕದ ಮಂಚದ ಹತ್ತಿರ ಹೋಗಿ ಹುಡುಕಿದಳು. "ಇಲ್ಲಿ" ಎಂದೆ. ನೋಡಿದವಳು ಮಂಚದ ಪಕ್ಕ ನೆಲದ ಮೇಲೆಯೇ ಕೂತಳು.

"ಅಯ್ಯೋ, ಹೇಗಿದ್ದ ಮಗುನ ಏನು ಮಾಡಿಬಿಟ್ರೋ! ಗುಂಡುಗುಂಡಾಗಿ ಕಳಿಸಿದ್ನಲ್ಲೋ ನಾನು!"

"ಅದು ನೀರಂತೆ ಅಮ್ಮ."

"ನೀರಂತೆ! ಹಿಂಡಿ ತೆಗೆಯೋಕೆ ಅದೇನು ಒದ್ದೆ ಬಟ್ಟೆನಾ? ದಿನವೆಲ್ಲ ಮಡಿಲಲ್ಲಿ ಕೂರಿಸ್ಕೊಂಡು ಒಂದೊಂದೇ ಗುಟುಕು ಕುಡಿಸಿದೀನಿ ಕಣೋ. ಒಂದು ದಿನ ತಪ್ಪಿಸಿಲ್ಲ."

ಅದು ನಿಜ. ನಾನು ಪಾಳಿ ಮುಗಿಸಿ ಬಂದಾಗಲೆಲ್ಲ ನೋಡಿದ್ದೇನೆ. ಅಮ್ಮ ಗಂಜಿಯ ಬಟ್ಟಲು ಹಿಡಿದೇ ಇರುತ್ತಿದ್ದಳು.

"ಮನೆಗೆ ಕರ್ಕೊಂಡು ಬಾ. ಇನ್ನೊಂದು ವಾರ ಇಟ್ರೆ ಚೀಲದಲ್ಲಿ ಮೂಳೆ ತರ್ತೀಯ."

ಸಂಜೆ ಹೆಂಡತಿ ವಿಡಿಯೋ ಕರೆ ಮಾಡಿದಳು. ಮಗುವಿನ ಕೈ ತೋರಿಸಿದೆ, ಕಾಲು ತೋರಿಸಿದೆ. ಕಾಲಿನ ಗಾಯ ಒಣಗುತ್ತಿದೆ ಎಂದೆ. "ಮುಖ ತೋರ್ಸಿ" ಅಂದಳು. ಇಲ್ಲಿ ಸಿಗ್ನಲ್ ಸರಿಯಿಲ್ಲ ಎಂದು ಕರೆ ಕಡಿದೆ.

ಜೂನ್ ೧೫, ಭಾನುವಾರ

ಇವತ್ತೂ ಇಳಿದಿದೆ. ಡಾಕ್ಟರಮ್ಮ ರಜೆ. ಸಿಸ್ಟರ್ ಹೆಬ್ಬೆರಳು ಒತ್ತಿ ನೋಡಿ, ಗುಳಿ ಬೀಳಲಿಲ್ಲವೆಂದು ಖುಷಿಪಟ್ಟರು. ಒತ್ತಲು ಅಲ್ಲಿ ಏನಾದರೂ ಉಳಿದಿದ್ದರೆ ತಾನೆ ಗುಳಿ ಬೀಳುವುದು.

ನಾಳೆ ಹೊರಡುತ್ತೇವೆ. ಯಾರನ್ನೂ ಕೇಳುವುದಿಲ್ಲ. ಹಳ್ಳ ಕಂಡರೂ ಹೋಗು ಎನ್ನುವ ಕಂಡಕ್ಟರನ ಮಾತನ್ನು ಯಾವ ಡ್ರೈವರೂ ಕೇಳಬೇಕಾಗಿಲ್ಲ.

ಜೂನ್ ೧೭, ಮಂಗಳವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಎಡಗೈಯಲ್ಲಿ ಮಗುವನ್ನು ಹಿಡಿದುಕೊಂಡಿರುವುದರಿಂದ ಅಕ್ಷರ ಸೊಟ್ಟ.

ಬೆಳಗ್ಗೆ ಸಿಸ್ಟರುಗಳ ಪಾಳಿ ಬದಲಾಗುವ ಹೊತ್ತಿಗೆ ಎದ್ದೆ. ಇಸ್ತ್ರಿಯವಳು ನೋಡಿದಳು. "ಎಲ್ಲಿಗೆ ಹೊರಟಿತು ಗಾಡಿ?"

"ಬಿಸಿಲು ಕಾಯಿಸೋಕೆ."

"ಬಿಸಿಲಿಗೆ ಚೀಲ ಯಾಕಣ್ಣ?"

ಚೀಲ ಹೆಗಲಿಗೇರಿಸಿ ಬಂದೆ. ಗೇಟಿನ ಎದುರೇ ನನ್ನ ಮಾರ್ಗದ ಬಸ್ಸು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಪ್ರಯಾಣಿಕನಾಗಿ ಕೂತೆ. ಅರ್ಧ ದಾರಿಯಲ್ಲಿ ಮಗು ಕುಂಯ್ ಅಂದಿತು. ಎಷ್ಟೋ ವಾರದ ನಂತರ ತಾನಾಗಿ ಹೊರಡಿಸಿದ ಸದ್ದು. ಹಾಲಿನ ಹೊತ್ತು ಮೀರಿತ್ತು. ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ಬಾಳೆಹಣ್ಣು ತೆಗೆದು, "ಹಸಿದಿದೆ ಪಾಪ, ಕೊಡಿ" ಅಂದರು. ಕೊಟ್ಟೆ. ಮಗು ಎರಡೂ ಕೈಯಲ್ಲಿ ಹಿಡಿದು ತಿಂದಿತು. ನೋಡಿ, ಹಸಿವಿದೆ, ಇಷ್ಟು ದಿನ ಅವರೇ ಉಪವಾಸ ಹಾಕಿದ್ದರು ಎಂದುಕೊಂಡೆ.

ಮನೆಯಲ್ಲಿ ಅಮ್ಮ ಒಲೆಯ ಮುಂದೆ ಸಿದ್ಧಳಾಗಿದ್ದಳು. ಈ ಸಲ ಗಂಜಿಯಲ್ಲ. ಅನ್ನ, ತುಪ್ಪ, ಮೊಟ್ಟೆ, ಸಕ್ಕರೆ ಹಾಕಿದ ಗಟ್ಟಿ ಹಾಲು. ಮಗು ಕೊಟ್ಟದ್ದನ್ನೆಲ್ಲ ತಿಂದಿತು. ಅಮ್ಮನಿಗೆ ಕಣ್ಣಲ್ಲಿ ನೀರು. "ತಿನ್ನೋ ಮಗುನ ಕಟ್ಟಿ ಹಾಕಿದ್ರಲ್ಲೋ" ಅಂದಳು. ನಾನು ಖಾಕಿ ಇಸ್ತ್ರಿಗೆ ಕೊಟ್ಟು ಬಂದೆ. ಮಾರನೆಯ ದಿನದ ಪಾಳಿಗೆ ಬರುವುದಾಗಿ ಡಿಪೋಗೆ ಫೋನ್ ಮಾಡಿದೆ.

ಆಮೇಲೆ ವಾಂತಿ. ಭೇದಿ. ಮತ್ತೆ ಭೇದಿ. ಆಮೇಲೆ ಮಗು ಮಲಗಿತು.

"ದಣಿದಿದೆ, ನಿದ್ದೆ ಮಾಡ್ಲಿ" ಎಂದಳು ಅಮ್ಮ. ನಾನೂ ಹಾಗೇ ಅಂದುಕೊಂಡು ಬಾಗಿಲಲ್ಲಿ ಕೂತು ಪತ್ರಿಕೆ ಬಿಡಿಸಿದೆ. ಕೂಸಿಗೆ ಹಾಲೂಡಿಸುತ್ತಿದ್ದ ಹೆಂಡತಿ ಕೈ ಚಾಚಿ ಮಗುವಿನ ಪಾದ ಮುಟ್ಟಿದಳು. ಹೊಟ್ಟೆ ಮುಟ್ಟಿದಳು. ಕೂಸನ್ನು ಕೆಳಗೆ ಮಲಗಿಸಿ, ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದು ಎದ್ದು ನಿಂತಳು.

"ರೀ, ಇದು ನಿದ್ದೆ ಅಲ್ಲ. ತಣ್ಣಗಿದಾಳೆ."

"ಬಾಣಂತಿ ನೀನು, ಕೂತ್ಕೋ. ಬೆಚ್ಚಗೆ ಹೊದಿಸಿದ್ರೆ..." ಎಂದಳು ಅಮ್ಮ.

"ಅತ್ತೆ, ಹಾಲು ಬಿಡಿಸು ಅಂದ್ರಿ, ಬಿಡಿಸಿದೆ. ಮೊಟ್ಟೆ ಬೇಡ ಅಂದ್ರು ಇವರು, ನಿಲ್ಲಿಸಿದೆ. ಇಷ್ಟು ದಿನ ನಿಮ್ಮಿಬ್ಬರ ಮಾತು ಕೇಳಿದೀನಿ." ನನ್ನ ಕಡೆ ತಿರುಗಿದಳು. "ಚಪ್ಪಲಿ ಹಾಕ್ಕೊಳ್ಳಿ."

ಅವಳು ದನಿ ಏರಿಸಿರಲಿಲ್ಲ. ನಾನು ಚಪ್ಪಲಿ ಹಾಕಿಕೊಂಡೆ.

ಆಟೋದಲ್ಲಿ ಇಡೀ ದಾರಿ ನನ್ನ ಬಲಗಾಲು ನೆಲ ಒತ್ತುತ್ತಿತ್ತು. ಮಗುವಿನ ಕುತ್ತಿಗೆ ಹಿಡಿದು ಎತ್ತಿದರೆ ತಲೆ ಹಿಂದಕ್ಕೆ ಬೀಳುತ್ತಿತ್ತು. ಕೂಗಿದೆ. ಗುಂಡಮ್ಮ ಎಂದು ಕರೆಯಲು ಬಾಯಿ ಬರಲಿಲ್ಲ. ಅದರ ನಿಜವಾದ ಹೆಸರು ಹಿಡಿದು ಕೂಗಿದೆ. ನಾವು ಅದನ್ನು ಆ ಹೆಸರಿನಿಂದ ಕರೆದದ್ದೇ ಕಡಿಮೆ.

ಸಿಸ್ಟರ್ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಗುವನ್ನು ಕೈಯಿಂದ ಕಿತ್ತುಕೊಂಡು, ನಾಲಗೆಯ ಕೆಳಗೆ ಸಕ್ಕರೆ ಹಾಕಿದರು. ಮೂಗಿಗೆ ಸಣ್ಣ ಕೊಳವೆ ಇಳಿಸಿ ಸಕ್ಕರೆ ನೀರು ಬಿಟ್ಟರು. ಡಾಕ್ಟರಮ್ಮ ಎಲ್ಲಿಂದಲೋ ಓಡಿ ಬಂದರು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿ, ಸಿಸ್ಟರಿಗೆ ಅದನ್ನು ತೋರಿಸಿದರು.

"ಶರ್ಟ್ ಬಿಚ್ಚಪ್ಪ" ಎಂದರು ಸಿಸ್ಟರ್.

ನನಗೆ ಅರ್ಥವಾಗಲಿಲ್ಲ.

"ಮೈ ತಣ್ಣಗಾಗಿದೆ. ಮೈಗೆ ಮೈಯೇ ಬೇಕು. ಬಿಚ್ಚು."

ವಾರ್ಡಿನ ತುಂಬ ಹೆಂಗಸರು. ಇಸ್ತ್ರಿಯವಳು ಎದ್ದು ನಿಂತು, "ಎಲ್ರೂ ಆ ಕಡೆ ತಿರುಗ್ರೇ, ಡ್ರೈವರಣ್ಣಂಗೆ ನಾಚಿಕೆ" ಎಂದಳು. ಯಾರೂ ನಗಲಿಲ್ಲ. ತಿರುಗಿದರು. ಮಗುವಿನ ಬಟ್ಟೆ ತೆಗೆದು, ತಲೆಗೆ ಟೋಪಿ ಹಾಕಿ, ನನ್ನ ಎದೆಗೆ ಒತ್ತಿ ಇಟ್ಟರು. ಮೇಲೆ ಕಂಬಳಿ ಸುತ್ತಿದರು. ಒದ್ದೆ ಮಣ್ಣು ಎದೆಗೆ ಅಂಟಿಸಿದ ಹಾಗಿತ್ತು.

"ಈಗ ನೀನೇ ಹೀಟರು. ಅಲ್ಲಾಡಬೇಡ."

ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿಯಿತು. ಮೂಗು ತುರಿಸಿತು. ಗಾಜಿನ ಆಚೆ ಕತ್ತಲಾಯಿತು. ನನ್ನನ್ನು ವರಾಂಡಕ್ಕೆ ಕಳಿಸಬೇಕೆಂಬ ನಿಯಮ ಯಾರ ನೆನಪಿಗೂ ಬರಲಿಲ್ಲ. ಕೊಳವೆಯಲ್ಲಿ ಹಾಲು ಬಿಡಲು ಸಿಸ್ಟರ್ ಬಂದಾಗಲೆಲ್ಲ ಕಂಬಳಿಯೊಳಗೆ ಕೈ ಹಾಕಿ ಪಾದ ಮುಟ್ಟಿ ನೋಡಿ ಹೋಗುತ್ತಿದ್ದರು. ಎದೆಯ ಮೇಲೆ ಸಣ್ಣ ಉಸಿರು ಬರುತ್ತಿತ್ತು, ಕೆಲವೊಮ್ಮೆ ತಡವಾಗುತ್ತಿತ್ತು. ತಡವಾದಾಗ ನನ್ನ ಉಸಿರನ್ನೂ ಹಿಡಿದುಕೊಂಡೆ.

ಒಂದು ಸಲ ಪಾದ ಮುಟ್ಟಿದ ಸಿಸ್ಟರ್ ಕೈ ತೆಗೆಯದೆ ಹಾಗೇ ನಿಂತರು. "ಹ್ಞಾಂ" ಎಂದರು. ಅಷ್ಟೇ.

ಬೆಳಗ್ಗೆ ನನ್ನ ಎದೆ ಒದ್ದೆಯಾಗಿತ್ತು. ಉಚ್ಚೆ ಹೊಯ್ದಿದ್ದಳು. ಬೆಚ್ಚಗಿತ್ತು.

ಡಿಪೋದಿಂದ ಫೋನ್ ಬಂತು, ಪಾಳಿಗೆ ಯಾಕೆ ಬರಲಿಲ್ಲ ಎಂದು. ಆಮೇಲೆ ಮಾತಾಡುತ್ತೇನೆ ಎಂದೆ.

ಜೂನ್ ೧೮, ಬುಧವಾರ

ಇವತ್ತೂ ಎದೆಯ ಮೇಲೆ. ಬರೆಯಲು ಆಗುವುದಿಲ್ಲ.

ಜೂನ್ ೧೯, ಗುರುವಾರ

ಕೊಳವೆ ತೆಗೆದರು. ಚಮಚದ ಹಾಲು ಮತ್ತೆ ಶುರು.

ಡಾಕ್ಟರಮ್ಮ ಮಂಚದ ತುದಿಯಲ್ಲಿ ಕೂತು ಮಾತಾಡಿದರು. ಇಳಿದದ್ದು ನೀರು, ಅದು ಇಳಿಯಲೇಬೇಕಿತ್ತು, ಅಡಿಯಲ್ಲಿದ್ದ ಮಗು ಮೊದಲಿಂದಲೂ ಇಷ್ಟೇ ಸಣ್ಣಗಿತ್ತು ಎಂದರು. ಇಂಥ ಮಕ್ಕಳಿಗೆ ಮೊದಲ ದಿನಗಳಲ್ಲಿ ಒಮ್ಮೆಲೇ ತುಂಬಿಸಿದರೆ ಮೈ ತಡೆಯುವುದಿಲ್ಲ, ಹೊತ್ತಿಗೆ ಸರಿಯಾಗಿ ಏನೂ ಕೊಡದೆ ಬಿಟ್ಟರೂ ಸಕ್ಕರೆ ಬಿದ್ದುಹೋಗುತ್ತದೆ ಎಂದರು. ನಾನು ಎರಡನ್ನೂ ಒಂದೇ ದಿನ ಮಾಡಿದ್ದೆ.

"ಮೊದಲ ದಿನವೇ ಹೇಳಿದ್ದೆ" ಎಂದರು.

ಹೇಳಿದ್ದರು.

"ನಿಮ್ಮೊಬ್ಬರ ಕಥೆ ಅಲ್ಲ ಇದು. ಊದಿಕೊಂಡ ಮಗು ಬಂದಾಗ ಮನೆಯವರು ನಗ್ತಾ ಬರ್ತಾರೆ. ಊತ ಇಳಿದ ದಿನ ಜಗಳಕ್ಕೆ ಬರ್ತಾರೆ. ನೀವು ಜಗಳಾನೂ ಆಡದೆ ಓಡಿದ್ರಿ."

ಇಸ್ತ್ರಿಯವಳು ಪಕ್ಕದಿಂದ, "ಡ್ರೈವರ್ ಅಲ್ವಾ ಮೇಡಂ, ಓಡಿಸೋದೇ ಅಭ್ಯಾಸ" ಎಂದಳು.

ನನ್ನನ್ನು ಈಗ ಎಲ್ಲರೂ ಹೀಟರ್ ಎನ್ನುತ್ತಾರೆ. ಸಿಸ್ಟರ್ ಕೂಡ. "ಹೀಟರ್, ಹಾಲು ತಗೊಂಡು ಹೋಗು."

ಜೂನ್ ೨೧, ಶನಿವಾರ

ಬೆಳಗಿನ ಹಾಲು ಪೂರ್ತಿ ಕುಡಿದಳು. ಎರಡನೆಯದು ಪೂರ್ತಿ, ಆದರೆ ಕೊನೆಯ ಚಮಚವನ್ನು ಬಾಯಲ್ಲಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು, ನುಂಗಬೇಕೋ ಉಗುಳಬೇಕೋ ಎಂದು. ನುಂಗಿದಳು. ಮೂರನೆಯದರಲ್ಲಿ ಅರ್ಧಕ್ಕೆ ನಿಲ್ಲಿಸಿ, ಒಂದು ತೇಗು ತೆಗೆದು, ಮತ್ತೆ ಬಾಯಿ ತೆರೆದಳು. ಚಮಚವನ್ನು ಎಡಗಡೆಯಿಂದ ಕೊಟ್ಟರೆ ಸಲೀಸು. ಬಲಗಡೆಯಿಂದಾದರೆ ಮುಖ ತಿರುಗಿಸುತ್ತಾಳೆ. ಬಲಗಡೆ ಹೊಸ ಹಲ್ಲು ಮೂಡುತ್ತಿದೆ. ನಾಲ್ಕನೆಯ ಸಲ ಕೈಯಿಂದ ಲೋಟಕ್ಕೆ ಹೊಡೆದಳು. ಎಲ್ಲ ನನ್ನ ಪ್ಯಾಂಟಿನ ಮೇಲೆ.

ಆಮೇಲೆ ಅತ್ತಳು. ವಾರ್ಡು ಹಾರಿಹೋಗುವ ಹಾಗೆ ಅತ್ತಳು. ಹಾಲು ಚೆಲ್ಲಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು. ಎದುರು ಮಂಚದ ಅಜ್ಜಿ ಕಿವಿ ಮುಚ್ಚಿಕೊಂಡು, "ಸಾಧು ಅಂದಿದ್ನಲ್ಲಪ್ಪ, ದೃಷ್ಟಿ ತಾಗಿತೋ ಏನೋ" ಅಂದಳು.

ಓಡಿ ಹೋಗಿ ಸಿಸ್ಟರಿಗೆ ಹೇಳಿದೆ. "ಅಳ್ತಿದಾಳೆ!"

"ಇಲ್ಲಿಗೇ ಕೇಳಿಸ್ತಿದೆ ಕಣಪ್ಪ" ಎಂದು ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗು, ಇನ್ನೊಂದು ಲೋಟ ಕಲಸಿ ಕೊಡ್ತೀನಿ."

ಅಮ್ಮ ಫೋನ್ ಮಾಡಿದ್ದಳು. ಹೇಗಿದೆ ಎಂದು ಕೇಳಲಿಲ್ಲ. "ಏನು ಕೊಡ್ಬೇಕಂತೆ, ಹೇಗೆ ಮಾಡ್ಬೇಕಂತೆ, ಸರಿಯಾಗಿ ಕೇಳ್ಕೊಂಡು ಬಾ. ನಂಗೆ ಯಾರೂ ಹೇಳಿರಲಿಲ್ಲ ಕಣೋ" ಅಂದಳು. ಬೇಳೆ, ಮೊಟ್ಟೆ, ಎಣ್ಣೆ, ಭೇದಿ ಆದಾಗಲೂ ನಿಲ್ಲಿಸಬಾರದು ಎಂದು ಹೇಳಿದೆ. "ಭೇದಿ ಆದಾಗ್ಲೂ?" ಎಂದಳು.

"ನಂಗೂ ಗೊತ್ತಿರಲಿಲ್ಲ ಅಮ್ಮ" ಎಂದೆ.

ಜೂನ್ ೨೨, ಭಾನುವಾರ

ಹೆಂಡತಿಗೆ ವಿಡಿಯೋ ಕರೆ ಮಾಡಿ ಮುಖ ತೋರಿಸಿದೆ. ತುಂಬ ಹೊತ್ತು ನೋಡಿದಳು. "ನನ್ನ ತಂಗಿ ಚಿಕ್ಕವಳಿದ್ದಾಗ ಹೀಗೇ ಇದ್ಲು" ಅಂದಳು. ನಮ್ಮ ಮಗಳು ಯಾರ ಹಾಗಿದ್ದಾಳೆ ಎಂದು ಇಷ್ಟು ದಿನ ತಿಳಿದಿರಲೇ ಇಲ್ಲ.

ಜೂನ್ ೨೪, ಮಂಗಳವಾರ

ಇವತ್ತು ಪರೀಕ್ಷೆ. ಔಷಧದ ಹಾಗೆ ಪೊಟ್ಟಣದಲ್ಲಿ ಬರುವ ಕಡಲೆಕಾಯಿ ಮುದ್ದೆ. ಹಾಲಿನ ಪುಡಿ, ಎಣ್ಣೆ, ಸಕ್ಕರೆ ಎಲ್ಲ ಸೇರಿಸಿದ್ದು. ಇದನ್ನು ಮಗು ತಾನಾಗಿ ತಿಂದರೆ ಮನೆಗೆ ಹೋಗುವ ದಾರಿ ತೆರೆಯಿತು. ಒತ್ತಾಯ ಮಾಡಿ ತುರುಕುವಂತಿಲ್ಲ.

ಇಸ್ತ್ರಿಯವಳ ಮಗ ಶುಕ್ರವಾರವೇ ತಿಂದು ಗೆದ್ದಿದ್ದ. ಅವಳು ಗಂಟು ಕಟ್ಟುತ್ತಾ, ತೇರ್ಗಡೆಯಾದ ಮಗನ ತಾಯಿಯ ಗತ್ತಿನಲ್ಲಿ ಸಲಹೆ ಕೊಟ್ಟಳು. "ಅಂಗಲಾಚಬೇಡಿ. ನೀವೇ ತಿನ್ನೋ ಹಾಗೆ ನಾಟಕ ಮಾಡಿ."

ನಾಟಕ ಮಾಡಿದೆ. ನನ್ನ ಬೆರಳಿಗೆ ಹಚ್ಚಿಕೊಂಡು ಚಪ್ಪರಿಸಿದೆ. ಅವಳು ಸುಮ್ಮನೆ ನೋಡಿದಳು. ಹಾಡು ಹೇಳಿದೆ. ನೋಡಿದಳು. ಬಸ್ಸಿನ ಸದ್ದು ಮಾಡಿದೆ: ಸ್ಟಾರ್ಟ್, ಮೊದಲನೆ ಗೇರು, ಎರಡನೆಯದು, ಹಾರ್ನು. ನಿಲ್ದಾಣ ಬಂತು, ಬಾಗಿಲು ತೆಗೆಯಿತು ಎಂದು ನನ್ನ ಬಾಯಿ ತೆರೆದೆ. ಅವಳೂ ತೆರೆದಳು. ಒಳಗೆ ಹಾಕಿದೆ. ಎಲ್ಲ ನಿಲ್ದಾಣಗಳ ಹೆಸರು ಹೇಳುತ್ತಾ ಹೋದೆ. ಮಾರ್ಗದ ಅರ್ಧಕ್ಕೆ ಪೊಟ್ಟಣವನ್ನು ಅವಳೇ ಕಿತ್ತುಕೊಂಡು ಮೂಲೆಯನ್ನು ಬಾಯಿಗೆ ಇಟ್ಟುಕೊಂಡಳು. ಇನ್ನುಳಿದ ನಿಲ್ದಾಣಗಳು ಬೇಕಾಗಲಿಲ್ಲ.

ಸಿಸ್ಟರ್ ಬಾಗಿಲಲ್ಲಿ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. "ನಿಮ್ಮ ಡಿಪೋದಲ್ಲಿ ಯಾರಿಗಾದ್ರೂ ಈ ವಿದ್ಯೆ ಗೊತ್ತಾ?" ಎಂದರು.

ಡಿಪೋದ ಫೋನ್ ಈ ವಾರ ಬಂದಿತ್ತೋ ಇಲ್ಲವೋ, ನೆನಪಿಲ್ಲ.

ಜೂನ್ ೨೬, ಗುರುವಾರ

ಹೆಂಡತಿ ಬಂದಳು. ಹೊಲಿಗೆ ಒಣಗಿದೆ. ಮನೆಯಲ್ಲಿ ನೋಡಿಕೊಳ್ಳುವವಳು ಅವಳು, ಆದ್ದರಿಂದ ಕೊನೆಯ ದಿನಗಳಲ್ಲಿ ಅವಳೇ ಇದ್ದು ಎಲ್ಲ ಕಲಿಯಬೇಕು, ಮಗುವಿನ ಜೊತೆ ದೊಡ್ಡವರು ಒಬ್ಬರಿಗೆ ಮಾತ್ರ ಅವಕಾಶ ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ನನ್ನ ರಜೆಯೂ ಮುಗಿದಿದೆ. ನಾಳೆ ಮೊದಲ ಪಾಳಿ.

ಅಮ್ಮ ಕೂಸನ್ನು ಎತ್ತಿಕೊಂಡು ಹಿಂದೆಯೇ ಬಂದಳು. ಹೆಂಡತಿ ಮಂಚದ ಮೇಲೆ ಕೂತು ಕೂಸನ್ನು ಮಡಿಲಿಗೆ ತೆಗೆದುಕೊಂಡದ್ದೇ ತಡ, ಮಗಳು ಅದರ ಕಾಲು ಹಿಡಿದು ಎಳೆದಳು. ಬಿಡಿಸಲು ಹೋದರೆ ಕಚ್ಚಿದಳು. ತನ್ನ ಅಮ್ಮನ ಮಡಿಲಿಗೆ ಹತ್ತಿ, ಕೂಸಿನ ಅರ್ಧ ಮೈಮೇಲೆಯೇ ಕೂತಳು.

"ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಜೋರನ್ನ?" ಎಂದು ಹೆಂಡತಿ ನಗುತ್ತಿದ್ದಳು, ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಾನು ಕೂಸನ್ನು ಎತ್ತಿಕೊಂಡೆ. ಹುಟ್ಟಿದ ಮೇಲೆ ಅದನ್ನು ಎತ್ತಿಕೊಂಡದ್ದು ಎರಡನೆಯ ಸಲವೋ ಮೂರನೆಯದೋ.

ಎಡಗಡೆಯಿಂದ ಕೊಡು ಎಂದೆ. ಬಲಗಡೆ ಹಲ್ಲು. ಮೊದಲ ತುತ್ತಿಗೆ ಆತುರಪಡಬೇಡ. ತೇಗಿದ ಮೇಲೆ ಇನ್ನೂ ತಿನ್ನುತ್ತಾಳೆ, ಮುಗಿಯಿತೆಂದು ಎತ್ತಿಡಬೇಡ. ನೀರನ್ನು ನಡುನಡುವೆ ಕೊಡು. ತಲೆಗೂದಲು ಬಾಚುವಾಗ ಮೆಲ್ಲಗೆ, ಇನ್ನೂ ಕಿತ್ತು ಬರುತ್ತಿದೆ. ಮಲಗಿಸುವಾಗ ಪಾದ ಮುಟ್ಟಿ ನೋಡು.

"ಸರಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಸರಿ ರೀ, ನಾನೂ ಅವಳ ಅಮ್ಮ" ಎಂದಳು.

"ಹೀಟರ್, ಹೊರಡಪ್ಪ. ನಿನ್ನ ಪಾಳಿ ಮುಗೀತು" ಎಂದರು ಸಿಸ್ಟರ್.

ಕೂಸನ್ನು ಅಮ್ಮನಿಗೆ ಕೊಟ್ಟೆ. ಚೀಲ ತೆಗೆದುಕೊಂಡೆ. ನಾನು ಹೊರಟರೆ ಅಳುತ್ತಾಳೆ, ಹಿಂದೆ ಬರುತ್ತೇನೆ ಎನ್ನುತ್ತಾಳೆ ಎಂಬ ಅಂಜಿಕೆಯಿತ್ತು. ಹೇಗೆ ಸಮಾಧಾನ ಮಾಡುವುದು ಎಂದು ಬೆಳಗ್ಗೆಯಿಂದ ಲೆಕ್ಕ ಹಾಕಿದ್ದೆ. ಮಂಚದ ಹತ್ತಿರ ಬಗ್ಗಿ, "ಹೋಗಿ ಬರ್ಲಾ?" ಎಂದೆ. ಹೆಂಡತಿ ಹೊಸ ಪೊಟ್ಟಣದ ಮೂಲೆ ಹರಿಯುತ್ತಿದ್ದಳು. ಮಗಳು ಅದನ್ನೇ ನೋಡುತ್ತಿದ್ದಳು.

"ಅಪ್ಪ ಹೋಗಿ ಬರ್ಲಾ?"

ಬಾಯಿ ತೆರೆದಳು, ಪೊಟ್ಟಣಕ್ಕೆ. ನಾನು ಇನ್ನಷ್ಟು ಬಗ್ಗಿ ಮೂರನೆಯ ಸಲ ಹೇಳಿದೆ. ನನ್ನ ಮುಖ ಅಡ್ಡ ಬಂದಿತೆಂದು ಒಂದು ಕೈಯಲ್ಲಿ ಅದನ್ನು ಪಕ್ಕಕ್ಕೆ ತಳ್ಳಿ, ತಿನ್ನತೊಡಗಿದಳು.